ಕಾರಿನ ಟೈರು ಹೋಲಿಸುವುದು ಹೇಗೆ? ಹಿಡಿತ, ಸದ್ದು, ಬಾಳಿಕೆಯ ಲೆಕ್ಕ

ಟೈರು ಸವೆದು ಬದಲಿಸುವ ಹೊತ್ತು ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಕಂಪನಿಯದು ಹಾಕಿಸಲಿ? ಉತ್ತರವಾಗಿ ಒಂದು ಹೆಸರು ಹೇಳಿದರೆ ಅದರಿಂದ ಕೇಳಿದವರಿಗೆ ಹೆಚ್ಚು ಉಪಯೋಗವಾಗದು. ಬ್ರಿಜ್‌ಸ್ಟೋನ್ ಕಂಪನಿಯ ಪೊಟೆನ್ಜಾ ಹಿಡಿತಕ್ಕೆಂದು ಮಾಡಿದ ಟೈರು, ಅದೇ ಕಂಪನಿಯ ಇಕೋಪಿಯಾ ಇಂಧನ ಉಳಿಸಲೆಂದು ಮಾಡಿದ್ದು. ಕಾಂಟಿನೆಂಟಲ್‌ನ ಸ್ಪೋರ್ಟ್‌ಕಾಂಟ್ಯಾಕ್ಟ್ ಮತ್ತು ಇಕೋಕಾಂಟ್ಯಾಕ್ಟ್, ಯೊಕೊಹಾಮಾದ ಅಡ್ವಾನ್ ಮತ್ತು ಬ್ಲೂಅರ್ತ್ ಕೂಡ ಹೀಗೆಯೇ. ಒಂದೇ ಕಂಪನಿಯ ಎರಡು ಮಾದರಿಗಳ ನಡುವಿನ ಅಂತರ ಎಷ್ಟೋ ಸಲ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ಹೋಲಿಸಬೇಕಾದ್ದು ಮಾದರಿಗಳನ್ನು, ಅದೂ ನಿಮ್ಮ ಕಾರಿನ ಅಳತೆಯಲ್ಲೇ.

ಇನ್ನೊಂದು ಮಾತನ್ನು ಮೊದಲೇ ತಿಳಿದಿರಬೇಕು. ಹಿಡಿತ, ಬಾಳಿಕೆ, ಸುಲಭವಾಗಿ ಉರುಳುವ ಗುಣ ಮೂರೂ ಒಂದನ್ನೊಂದು ಎಳೆದಾಡುತ್ತವೆ. ಮೆತ್ತನೆಯ ರಬ್ಬರ್ ರಸ್ತೆಯ ಸಣ್ಣ ಏರುತಗ್ಗುಗಳೊಳಗೆ ಇಳಿದು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಹಳ ದಿನ ಬರುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ರಬ್ಬರಿಗೆ ಸಿಲಿಕಾ ಸೇರಿಸುವ ವಿಧಾನ ಬಂದ ಮೇಲೆ ಈ ಎಳೆದಾಟ ಸಾಕಷ್ಟು ತಗ್ಗಿದೆಯೇ ಹೊರತು ನಿಂತಿಲ್ಲ. ಮೂರರಲ್ಲೂ ತನ್ನದೇ ಮೊದಲ ಸ್ಥಾನ ಎನ್ನುವ ಜಾಹೀರಾತು ಕಂಡರೆ ಯಾವುದರಲ್ಲಿ ಬಿಟ್ಟುಕೊಟ್ಟಿದ್ದಾರೆ ಎಂದು ಹುಡುಕಿ.

ಬೇಕಾಗುವ ಸಾಮಾನು

ಟ್ರೆಡ್ ಆಳ ಅಳೆಯುವ ಗೇಜ್ ಒಂದು. ಟ್ರೆಡ್ ಎಂದರೆ ರಸ್ತೆಗೆ ತಾಗುವ, ಗೀರುಗಳಿರುವ ಮೇಲ್ಪದರ. ಇದರ ಜೊತೆಗೆ ನಂಬಬಹುದಾದ ಗಾಳಿ ಒತ್ತಡದ ಗೇಜ್, ಸದ್ದಿನ ಮಟ್ಟ ತೋರಿಸುವ ಆಪ್ ಇರುವ ಫೋನು, ಒಂದು ಸುಣ್ಣದ ಕಡ್ಡಿ, ಬರೆದಿಡಲು ಪುಸ್ತಕ. ಟ್ರೆಡ್ ಗೇಜನ್ನು ಬಳಸುವ ಮುನ್ನ ಗಾಜಿನ ಮೇಲೆ ಒತ್ತಿ ಸೊನ್ನೆ ತೋರಿಸುತ್ತದೆಯೇ ನೋಡಿ. ಅರ್ಧ ಮಿಲಿಮೀಟರ್ ತಪ್ಪು ತೋರಿಸುವ ಗೇಜಿನಿಂದ ಬಾಳಿಕೆಯ ಲೆಕ್ಕ ಸಾವಿರಾರು ಕಿಲೋಮೀಟರ್ ಏರುಪೇರಾಗುತ್ತದೆ.

ಹಂತ 1: ಅಳತೆ ಓದಿ, ಪಟ್ಟಿ ಕಿರಿದಾಗಿಸಿ

ಟೈರಿನ ಪಕ್ಕದ ಗೋಡೆಯ ಮೇಲೆ 195/65 ಆರ್ 15 91 ಎಚ್ ಎಂಬಂಥ ಬರಹ ಇರುತ್ತದೆ. 195 ಎಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 65. ಆರ್ ಎಂಬುದು ರೇಡಿಯಲ್, ಅಂದರೆ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡಲಾಗಿ ಹೋಗುವ ಕಟ್ಟಡ. 15 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 91 ಭಾರದ ಸಂಕೇತ, ಒಂದು ಟೈರು 615 ಕಿಲೋ ಹೊರಬಲ್ಲದು ಎಂದರ್ಥ. ಎಚ್ ವೇಗದ ಸಂಕೇತ: ಟಿ ಇದ್ದರೆ ಗಂಟೆಗೆ 190 ಕಿ.ಮೀ., ಎಚ್ ಇದ್ದರೆ 210, ವಿ ಇದ್ದರೆ 240.

ಭಾರ ಮತ್ತು ವೇಗದ ಸಂಕೇತ ಕಾರು ತಯಾರಕರು ಹೇಳಿದ್ದಕ್ಕಿಂತ ಕಡಿಮೆಯಾಗಬಾರದು. ನೋಡಬೇಕಾದ್ದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿ ಅಥವಾ ಕೈಪಿಡಿ. ಈಗ ಹಾಕಿರುವ ಟೈರನ್ನೇ ಪ್ರಮಾಣವಾಗಿ ಹಿಡಿಯಬೇಡಿ, ಹಿಂದಿನವರು ತಪ್ಪು ಅಳತೆ ಹಾಕಿಸಿರಬಹುದು.

ಇಲ್ಲಿ ಆಗಾಗ ಆಗುವ ತಪ್ಪು ಎಂದರೆ ಬೇರೆ ಬೇರೆ ಅಳತೆ ಅಥವಾ ಬೇರೆ ಬೇರೆ ಜಾತಿಯ ಟೈರುಗಳನ್ನು ಹೋಲಿಸುವುದು. ಅಗಲದ ಟೈರು ಸಾಮಾನ್ಯವಾಗಿ ಹೆಚ್ಚು ಸದ್ದು ಮಾಡುತ್ತದೆ, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತದೆ. ಚಳಿಗಾಲದ ಟೈರು ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಒಂದೇ ಅಳತೆ, ಒಂದೇ ಋತುವಿನ ಜಾತಿ, ಒಂದೇ ಉದ್ದೇಶದ ಮೂರು ನಾಲ್ಕು ಮಾದರಿಗಳನ್ನು ಆರಿಸಿಕೊಂಡರೆ ಸಾಕು.

ಹಂತ 2: ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎರಡು ಬಗೆಯ ಗುರುತುಗಳು ಹೆಚ್ಚಾಗಿ ಸಿಗುತ್ತವೆ. ಒಂದು ಯುರೋಪಿನ ಲೇಬಲ್. 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ರೂಪದಲ್ಲಿ ಅದು ಮೂರು ಸಂಗತಿ ತಿಳಿಸುತ್ತದೆ: ಉರುಳುವ ತಡೆ, ಒದ್ದೆ ರಸ್ತೆಯ ಹಿಡಿತ, ಹೊರಗಿನ ಸದ್ದು. ಉರುಳುವ ತಡೆ ಎಂದರೆ ಟೈರು ಉರುಳುವಾಗ ಹಿಚುಕಿ ಬಿಡಿಸಿಕೊಳ್ಳುವಲ್ಲಿ ವ್ಯರ್ಥವಾಗುವ ಶಕ್ತಿ. ಅದು ಕಡಿಮೆಯಾದಷ್ಟೂ ಇಂಧನ ಉಳಿಯುತ್ತದೆ. ಮೊದಲ ಎರಡಕ್ಕೆ ಎ ಯಿಂದ ಇ ವರೆಗೆ ದರ್ಜೆ ಇದೆ, ಎ ಎಲ್ಲಕ್ಕಿಂತ ಮೇಲು. ಸದ್ದನ್ನು ಡೆಸಿಬೆಲ್ ಅಂಕಿಯಲ್ಲಿ, ಜೊತೆಗೆ ಎ, ಬಿ, ಸಿ ಗುರುತಿನಲ್ಲಿ ಕೊಡುತ್ತಾರೆ.

ಒದ್ದೆ ಹಿಡಿತದ ದರ್ಜೆ ನಂಬಲು ತಕ್ಕದ್ದು. ಪ್ರತಿ ಟೈರಿನ ಒದ್ದೆ ರಸ್ತೆಯ ಬ್ರೇಕನ್ನು ಹೋಲಿಕೆಗೆಂದೇ ಇಟ್ಟ ಒಂದು ಪ್ರಮಾಣದ ಟೈರಿನ ಜೊತೆ ಹೋಲಿಸಿ ಅದನ್ನು ಕೊಡುತ್ತಾರೆ. ಆದರೆ ಅದು ಹೊಸ ಟೈರಿನ ದರ್ಜೆ, ಅರ್ಧ ಸವೆದ ಮೇಲಿನ ಹಿಡಿತವನ್ನು ತೋರಿಸುವುದಿಲ್ಲ. ತಿರುವಿನ ಹಿಡಿತವಾಗಲಿ ನೀರಿನ ಮೇಲೆ ತೇಲುವ ಗುಣವಾಗಲಿ ಅದರಲ್ಲಿ ಸೇರಿಲ್ಲ. ಬಾಳಿಕೆಯಂತೂ ಈ ಲೇಬಲ್ಲಿನಲ್ಲಿ ಇಲ್ಲವೇ ಇಲ್ಲ.

ಸದ್ದಿನ ಅಂಕಿಯ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅದು ಕಾರಿನ ಒಳಗೆ ಕೇಳುವ ಸದ್ದಲ್ಲ. ಎಂಜಿನ್ ನಿಲ್ಲಿಸಿದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಉರುಳುತ್ತಾ ಹಾದುಹೋಗುವಾಗ ದಾರಿಯ ನಡುಗೆರೆಯಿಂದ ಏಳೂವರೆ ಮೀಟರ್ ದೂರದಲ್ಲಿಟ್ಟ ಮೈಕು ಕೇಳಿಸಿಕೊಳ್ಳುವ ಸದ್ದು ಅದು. ರಸ್ತೆಬದಿಯ ಮನೆಯವರಿಗೆ ಎಷ್ಟು ತೊಂದರೆ ಎಂಬುದರ ಅಳತೆ. 69 ಡೆಸಿಬೆಲ್ಲಿನ ಟೈರು ಒಳಗೆ ಗುಂಯ್‌ಗುಡಬಹುದು, 71ರದು ತೆಪ್ಪಗಿರಬಹುದು.

ಇನ್ನೊಂದು ಅಮೆರಿಕದ ಗುರುತು. ಟೈರಿನ ಗೋಡೆಯ ಮೇಲೆ ಟ್ರೆಡ್‌ವೇರ್, ಟ್ರಾಕ್ಷನ್, ಟೆಂಪರೇಚರ್ ಎಂಬ ಮೂರು ಪದಗಳ ಪಕ್ಕದಲ್ಲಿ ಬರೆದಿರುತ್ತದೆ. ಟ್ರೆಡ್‌ವೇರ್ ಅಂಕ ಸವೆತದ್ದು. ಹೋಲಿಕೆಗೆಂದು ಇಟ್ಟ ಪ್ರಮಾಣದ ಟೈರಿಗೆ 100 ಎಂದಿಟ್ಟುಕೊಂಡರೆ 400 ಅಂಕದ್ದು ಆ ಪರೀಕ್ಷೆಯಲ್ಲಿ ಅದರ ನಾಲ್ಕು ಪಾಲು ಬಾಳಬೇಕು. ಟೆಕ್ಸಾಸ್‌ನ ನಿಗದಿತ ರಸ್ತೆಯಲ್ಲಿ 7,200 ಮೈಲಿ, ಎಂದರೆ ಸುಮಾರು 11,600 ಕಿ.ಮೀ. ಓಡಿಸಿ ಸವೆತ ನೋಡುತ್ತಾರೆ. ಕೊನೆಗೆ ಅಂಕ ಬರೆಯುವವರು ತಯಾರಕರೇ. ಕೆಲವರು ಬಂದ ಫಲಿತಾಂಶಕ್ಕಿಂತ ತಗ್ಗಿಸಿ ಬರೆಯುತ್ತಾರೆ, ಕೆಲವರು ಪೂರ್ತಿ ಬರೆಯುತ್ತಾರೆ. ಆದ್ದರಿಂದ ಈ ಅಂಕವನ್ನು ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಮಾತ್ರ ಹೋಲಿಸಿ. ಒಂದು ಕಂಪನಿಯ 420, ಇನ್ನೊಂದರ 380ಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಇದರಿಂದ ಹೇಳಲಾಗದು. ಟ್ರಾಕ್ಷನ್ ದರ್ಜೆ ಎಎ, ಎ, ಬಿ, ಸಿ ಎಂದಿರುತ್ತದೆ. ಅದು ಒದ್ದೆ ನೆಲದ ಮೇಲೆ ನೇರ ಸಾಲಿನ ಬ್ರೇಕು ಮಾತ್ರ. ಟೆಂಪರೇಚರ್ ಎಂಬುದು ವೇಗದ ಓಟದಲ್ಲಿ ಶಾಖ ತಾಳುವ ಶಕ್ತಿ, ದಿನಬಳಕೆಯ ಹೋಲಿಕೆಯಲ್ಲಿ ಅದಕ್ಕೆ ಹೆಚ್ಚು ತೂಕ ಬೇಡ.

ಹಂತ 3: ಹಿಡಿತಕ್ಕೆ ಪರೀಕ್ಷಾ ವರದಿಗಳನ್ನು ಓದಿ

ಹಿಡಿತವನ್ನು ನೀವೇ ರಸ್ತೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕು ಹಾಕಿ ನೋಡುವುದು ಅಪಾಯ. ಅದರಿಂದ ತಿಳಿಯುವುದೂ ಕಡಿಮೆ, ಏಕೆಂದರೆ ನೀರಿನ ಪದರ, ರಸ್ತೆಯ ಶಾಖ, ಬ್ರೇಕಿನ ಸ್ಥಿತಿ ಪ್ರತಿ ಸಲವೂ ಬೇರೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ, ಅಲ್ಲಿಯದೇ ಆಟೊ ಬಿಲ್ಡ್ ಪತ್ರಿಕೆ, ಅಮೆರಿಕದ ಟೈರು ಮಾರಾಟ ಕಂಪನಿ ಟೈರ್ ರ್‍ಯಾಕ್ ಇವರೆಲ್ಲ ಒಂದೇ ಕಾರಿಗೆ ಒಂದೇ ಅಳತೆಯ ಹಲವು ಟೈರು ಹಾಕಿ ಒಂದೇ ನೆಲದಲ್ಲಿ ಅಳೆದು ವರದಿ ಕೊಡುತ್ತಾರೆ.

ವರದಿ ಓದುವಾಗ ಒಟ್ಟು ಅಂಕವನ್ನು ಬಿಟ್ಟು ಒದ್ದೆ ರಸ್ತೆಯ ಬ್ರೇಕಿನ ದೂರ ಹುಡುಕಿ. ಅಲ್ಲಿ ಮೂರು ನಾಲ್ಕು ಮೀಟರ್ ವ್ಯತ್ಯಾಸ ಕಂಡರೆ "ಅಷ್ಟೇನಾ" ಎನಿಸಬಹುದು. ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿ.ಮೀ. ವೇಗದಿಂದ ಒಂದು ಟೈರು 32 ಮೀಟರಿಗೆ ಕಾರನ್ನು ನಿಲ್ಲಿಸುತ್ತದೆ, ಇನ್ನೊಂದು 36 ಮೀಟರಿಗೆ ಎಂದುಕೊಳ್ಳಿ. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದರ ವೇಗ ಇನ್ನೂ ಸುಮಾರು 27 ಕಿ.ಮೀ. ಇರುತ್ತದೆ. ಎದುರಿಗೆ ಮಗುವೊಂದು ನಿಂತಿದ್ದರೆ ಆ ನಾಲ್ಕು ಮೀಟರಿನ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಲೆಕ್ಕದ ಕ್ರಮ ಹೀಗೆ: ಚಿಕ್ಕ ದೂರವನ್ನು ದೊಡ್ಡ ದೂರದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದು, ಉಳಿದದ್ದರ ವರ್ಗಮೂಲವನ್ನು ಆರಂಭದ ವೇಗದಿಂದ ಗುಣಿಸಿ. ಯಾವ ವರದಿಯ ಅಂಕಿಗೂ ಇದನ್ನು ಹಚ್ಚಬಹುದು.

ವರದಿಯಲ್ಲಿ ಇನ್ನೂ ಕೆಲವನ್ನು ಪರಿಶೀಲಿಸಿ:

• ಪರೀಕ್ಷಿಸಿದ ಅಳತೆ ನಿಮ್ಮದಕ್ಕೆ ಹತ್ತಿರವಿದೆಯೇ? ಒಂದೇ ಮಾದರಿಯ 15 ಇಂಚಿನದೂ 18 ಇಂಚಿನದೂ ಒಂದೇ ಥರ ನಡೆದುಕೊಳ್ಳುವುದಿಲ್ಲ.
• ಎರಡು ಬೇರೆ ವರದಿಗಳ ಮೀಟರ್ ಅಂಕಿಗಳನ್ನು ಅಕ್ಕಪಕ್ಕ ಇಡಬೇಡಿ. ನೆಲ, ನೀರು, ಕಾರು ಬೇರೆಯಾದರೆ ಅಂಕಿಗಳೂ ಬೇರೆ. ಒಂದೇ ವರದಿಯೊಳಗಿನ ಸ್ಥಾನಗಳನ್ನು ನೋಡಿ.
• ಸವೆದ ಟೈರಿನ ಫಲಿತಾಂಶ ಕೊಟ್ಟಿದ್ದರೆ ಅದನ್ನು ತಪ್ಪದೆ ಓದಿ. ಹೊಸದರಲ್ಲಿ ಮುಂದಿದ್ದು ಸವೆದ ಮೇಲೆ ಹಿಂದೆ ಬೀಳುವ ಮಾದರಿಗಳಿವೆ.
• ಕಾರಿನ ಜೊತೆಯಲ್ಲೇ ಬಂದ ಟೈರು ಮತ್ತು ಅದೇ ಹೆಸರಿನ ಅಂಗಡಿಯ ಟೈರು ಒಂದೇ ಆಗಿರಬೇಕೆಂದಿಲ್ಲ. ಕಾರು ತಯಾರಕರು ಕೇಳಿದಂತೆ ರಬ್ಬರಿನ ಮಿಶ್ರಣ ಬದಲಿಸಿರುತ್ತಾರೆ. ಬಿಎಂಡಬ್ಲ್ಯು ಕಾರಿಗೆಂದು ಮಾಡಿದ್ದರ ಮೇಲೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ ಎಂಬ ಗುರುತು ಇರುವುದು ಇದಕ್ಕೇ.

ಉಗುರಿನಿಂದ ಟ್ರೆಡ್ ಒತ್ತಿ ನೋಡಿ "ಇದು ಮೆತ್ತಗಿದೆ, ಚೆನ್ನಾಗಿ ಹಿಡಿಯುತ್ತದೆ" ಎನ್ನುವವರಿದ್ದಾರೆ. ಒದ್ದೆ ರಸ್ತೆಯ ಹಿಡಿತ ರಬ್ಬರಿನ ಮಿಶ್ರಣ, ಗೀರುಗಳ ವಿನ್ಯಾಸ, ಒಳಕಟ್ಟಡ ಎಲ್ಲವನ್ನೂ ಅವಲಂಬಿಸಿದೆ. ಉಗುರಿಗೆ ಅದು ಸಿಗುವುದಿಲ್ಲ.

ಹಂತ 4: ಸದ್ದನ್ನು ನೀವೇ ಅಳೆಯಿರಿ

ಹಿಡಿತ, ಸದ್ದು, ಬಾಳಿಕೆ ಈ ಮೂರು ಗುಣಗಳಲ್ಲಿ ನೀವೇ ಸುರಕ್ಷಿತವಾಗಿ ಹೋಲಿಸಬಹುದಾದವು ಸದ್ದು ಮತ್ತು ಸವೆತ. ಸದ್ದಿನಲ್ಲಿ ಒಂದು ದೊಡ್ಡ ಮೋಸವಿದೆ: ಹಳೆಯ, ಅಡ್ಡಾದಿಡ್ಡಿ ಸವೆದ ಟೈರು ತೆಗೆದು ಯಾವ ಹೊಸ ಟೈರು ಹಾಕಿದರೂ ಕಾರು ಸದ್ದಿಲ್ಲದೆ ಓಡುತ್ತದೆ. "ಬ್ರ್ಯಾಂಡ್ ಬದಲಿಸಿದೆ, ಸದ್ದೇ ಹೋಯಿತು" ಎಂಬ ಮಾತಿನ ಬಹುಪಾಲು ಇದೇ. ಹೊಸದನ್ನು ಹೊಸದರ ಜೊತೆ, 20,000 ಕಿ.ಮೀ. ಓಡಿದ್ದನ್ನು ಅಷ್ಟೇ ಓಡಿದ್ದರ ಜೊತೆ ಹೋಲಿಸಬೇಕು.

ಅಳೆಯುವ ಕ್ರಮ: ಒಣಗಿದ, ಗಾಳಿ ಬೀಸದ ದಿನ, ವಾಹನ ದಟ್ಟಣೆ ಇಲ್ಲದ ಸಮತಟ್ಟಾದ ಒಂದೇ ರಸ್ತೆ ಆರಿಸಿ. ಗಾಳಿ ಒತ್ತಡ ಸರಿಮಾಡಿ. ಕಿಟಕಿ ಮುಚ್ಚಿ, ಎಸಿ, ಫ್ಯಾನು, ರೇಡಿಯೊ ನಿಲ್ಲಿಸಿ. ವೇಗ 60ರಲ್ಲಿ ಒಮ್ಮೆ, ರಸ್ತೆಯ ವೇಗಮಿತಿಯಲ್ಲಿ ಅವಕಾಶವಿದ್ದರೆ 80ರಲ್ಲಿ ಒಮ್ಮೆ. ಪಕ್ಕದ ಸೀಟಿನವರು ಫೋನನ್ನು ತಲೆಯ ಎತ್ತರದಲ್ಲಿ ಹಿಡಿದು 30 ಸೆಕೆಂಡಿನ ಸರಾಸರಿ ಬರೆದುಕೊಳ್ಳಲಿ, ಚಾಲಕರು ಫೋನು ಮುಟ್ಟಬಾರದು. ಹೋಗುವ ದಿಕ್ಕಿನಲ್ಲಿ ಮೂರು, ಬರುವ ದಿಕ್ಕಿನಲ್ಲಿ ಮೂರು ಓಟ. ಫೋನಿನ ಅಂಕಿ ನಿಖರವಲ್ಲ, ಆದರೆ ಅದೇ ಫೋನು, ಅದೇ ಆಪ್ ಬಳಸಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ಡೆಸಿಬೆಲ್ ಆಚೀಚೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಿವಿಗೂ ಕೆಲಸ ಕೊಡಿ. ನುಣುಪು ರಸ್ತೆಯಲ್ಲಿ ವೇಗದ ಜೊತೆ ಏರುವ ಗುಂಯ್ ಎಂಬ ಸದ್ದು ಟ್ರೆಡ್ ವಿನ್ಯಾಸದ್ದು. ಜಲ್ಲಿ ಎದ್ದ ಒರಟು ರಸ್ತೆಯಲ್ಲಿ ಕೇಳುವ ಗುಡುಗುಡು ಟೈರಿನ ಗೋಡೆ ಮತ್ತು ಸಸ್ಪೆನ್ಷನ್ ಮೂಲಕ ಒಳಗೆ ಬರುವಂಥದ್ದು. ಒಂದರಲ್ಲಿ ಚೆನ್ನಾಗಿರುವ ಮಾದರಿ ಇನ್ನೊಂದರಲ್ಲಿ ಸೋಲಬಹುದು, ನೀವು ದಿನವೂ ಓಡಾಡುವ ರಸ್ತೆ ಯಾವುದೆಂದು ನೋಡಿ ತೂಗಿ. ಟೈರಿನ ಒಳಗಿನ ಗಾಳಿಯೇ ಕಂಪಿಸಿ 200 ಹರ್ಟ್ಜ್ ಆಸುಪಾಸಿನಲ್ಲಿ ಗೊಣಗುವುದೂ ಉಂಟು. ಕೆಲವು ಮಾದರಿಗಳ ಒಳಮೈಗೆ ಸ್ಪಂಜು ಅಂಟಿಸಿರುವುದು ಅದನ್ನು ತಗ್ಗಿಸಲು. ಅಂಥ ಟೈರಿಗೆ ಪಂಕ್ಚರ್ ಹಾಕುವಾಗ ಆ ಜಾಗದ ಸ್ಪಂಜು ಕತ್ತರಿಸಿ ತೆಗೆಯಬೇಕಾಗುತ್ತದೆ, ಇದು ಎಲ್ಲ ಕಡೆ ಆಗುವ ಕೆಲಸವಲ್ಲ.

ಎಚ್ಚರ: ಟೈರಿನ ಸದ್ದೆಂದು ಭಾವಿಸಿದ್ದು ಚಕ್ರದ ಬೇರಿಂಗಿನದ್ದಾಗಿರಬಹುದು. ರಸ್ತೆಯ ಮೇಲ್ಮೈ ಬದಲಾದ ತಕ್ಷಣ ಸದ್ದು ಬದಲಾದರೆ ಟೈರು. ಉದ್ದನೆಯ ತಿರುವಿನಲ್ಲಿ ಒಂದು ಕಡೆ ತಿರುಗಿದಾಗ ಹೆಚ್ಚಾಗಿ, ಇನ್ನೊಂದು ಕಡೆ ತಿರುಗಿದಾಗ ತಗ್ಗಿದರೆ ಬೇರಿಂಗ್ ನೋಡಿಸಿ. ಮುಂದಿನ, ಹಿಂದಿನ ಚಕ್ರ ಅದಲು ಬದಲು ಮಾಡಿದಾಗ ಸದ್ದೂ ಜಾಗ ಬದಲಿಸಿದರೆ ದೋಷ ಟೈರಿನಲ್ಲೇ ಇದೆ.

ಹಂತ 5: ಬಾಳಿಕೆಯ ಲೆಕ್ಕ

"ಈ ಟೈರು ನನಗೆ 60,000 ಬಂತು" ಎಂಬ ಮಾತಿನಿಂದ ಟೈರಿಗಿಂತ ಹೆಚ್ಚಾಗಿ ಹೇಳಿದವರ ಚಾಲನೆ, ರಸ್ತೆ, ಕಾರಿನ ತೂಕ ತಿಳಿಯುತ್ತದೆ. ಯಾರನ್ನಾದರೂ ಕೇಳುವುದಿದ್ದರೆ ಹೀಗೆ ಕೇಳಿ: ಯಾವ ಕಾರು, ಯಾವ ಅಳತೆ, ಮಾದರಿಯ ಪೂರ್ತಿ ಹೆಸರೇನು, ಎಷ್ಟು ಓಡಿದೆ, ಈಗ ಎಷ್ಟು ಮಿಲಿಮೀಟರ್ ಉಳಿದಿದೆ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನಿಮ್ಮ ಟೈರಿನದನ್ನು ಹೀಗೆ ಅಳೆಯಿರಿ. ಪ್ರತಿ ಟೈರಿನ ಒಳಗಿನ, ನಡುವಿನ, ಹೊರಗಿನ ಉದ್ದ ಗೀರುಗಳಲ್ಲಿ ಗೇಜ್ ಇಳಿಸಿ. ಸುಣ್ಣದಿಂದ ಗುರುತು ಹಾಕಿ ಸುತ್ತಳತೆಯ ಮೂರು ಕಡೆ ಇದನ್ನೇ ಮಾಡಿ. ಗೀರಿನ ತಳದಲ್ಲಿ ಅಲ್ಲಲ್ಲಿ ಉಬ್ಬಿದ ಅಡ್ಡಪಟ್ಟಿಗಳಿರುತ್ತವೆ. ಅವು ಸವೆತದ ಸೂಚಕಗಳು, ಸಾಮಾನ್ಯವಾಗಿ 1.6 ಮಿ.ಮೀ. ಎತ್ತರ. ಗೇಜಿನ ತುದಿ ಅವುಗಳ ಮೇಲೆ ಕೂರಬಾರದು.

ಹೊಸ ಕಾರು ಟೈರಿನ ಆಳ ಹೆಚ್ಚಾಗಿ 7ರಿಂದ 8 ಮಿ.ಮೀ. ಒಂದು ಮಾದರಿ 7, ಇನ್ನೊಂದು 8 ಇದ್ದರೆ ರಬ್ಬರ್ ಒಂದೇ ಗುಣದ್ದಾದರೂ ಎರಡನೆಯದು ಹೆಚ್ಚು ಓಡುತ್ತದೆ. ಅಂಗಡಿಯಲ್ಲೇ ಗೇಜ್ ಹಾಕಿ ನೋಡಬಹುದಾದ ಸಂಗತಿ ಇದು.

ಉದಾಹರಣೆ: ಹಾಕಿಸಿ 500 ಕಿ.ಮೀ. ಆದಾಗ 7.5 ಮಿ.ಮೀ., 12,500ಕ್ಕೆ 6.3 ಇದೆ. 12,000 ಕಿ.ಮೀ.ಗೆ 1.2 ಮಿ.ಮೀ. ಸವೆದಿದೆ, ಅಂದರೆ ಮಿಲಿಮೀಟರಿಗೆ 10,000 ಕಿ.ಮೀ. ಹಲವು ದೇಶಗಳ ಕಾನೂನಿನ ಮಿತಿಯಾದ 1.6 ಮಿ.ಮೀ. ತನಕ ಎಂದರೆ 5.9 ಮಿ.ಮೀ. ಬಳಕೆ, 59,000 ಕಿ.ಮೀ. ಆದರೆ 3 ಮಿ.ಮೀ.ಗಿಂತ ಕೆಳಗಿಳಿದ ಟೈರಿನ ಗೀರುಗಳು ನೀರನ್ನು ಸಾಕಷ್ಟು ಹೊರದೂಡಲಾರವು, ಒದ್ದೆಯಲ್ಲಿ ನಿಲ್ಲುವ ದೂರ ಬೇಗ ಹೆಚ್ಚುತ್ತದೆ. ಮಳೆಯಲ್ಲಿ ಓಡಿಸುವವರು 3ಕ್ಕೇ ನಿಲ್ಲಿಸಿ ಲೆಕ್ಕ ಮಾಡಬೇಕು: 4.5 ಮಿ.ಮೀ., 45,000 ಕಿ.ಮೀ.

ಮೊದಲ ಮಿಲಿಮೀಟರ್ ಉಳಿದವಕ್ಕಿಂತ ಬೇಗ ಹೋಗುತ್ತದೆ, ಗೀರುಗಳ ನಡುವಿನ ಎತ್ತರದ ರಬ್ಬರ್ ತುಂಡುಗಳು ಹೆಚ್ಚು ಹೊರಳಾಡುವುದೇ ಕಾರಣ. 3,000 ಕಿ.ಮೀ.ಗೆ ಲೆಕ್ಕ ಹಾಕಿ ಗಾಬರಿಯಾಗಬೇಡಿ, 10,000 ದಾಟಲಿ.

ಸವೆತ ಸಮನಾಗಿಲ್ಲದಿದ್ದರೆ ಬ್ರ್ಯಾಂಡನ್ನು ದೂರುವ ಮುನ್ನ ಕಾರನ್ನು ನೋಡಿ. ನಡುಭಾಗ ಹೆಚ್ಚು ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಹೋಗಿದ್ದರೆ ಅಥವಾ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದೆ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮನಾಗಿದೆಯೇ ಎಂಬುದು) ಪರೀಕ್ಷಿಸಬೇಕು. ಇವು ಸರಿಯಾಗುವ ತನಕ ಯಾವ ಹೋಲಿಕೆಗೂ ಅರ್ಥವಿಲ್ಲ.

ಗಾಳಿಯನ್ನು ತಣ್ಣಗಿರುವಾಗ ನೋಡಬೇಕು, ಎಂದರೆ ಕಾರು ಮೂರು ಗಂಟೆ ನಿಂತ ಮೇಲೆ. 10 ಡಿಗ್ರಿ ತಾಪ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಒತ್ತಡ ಇಳಿಯುತ್ತದೆ. ಗೋಡೆಯ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಹಾಕಬೇಕಾದ ಒತ್ತಡ ಬಾಗಿಲ ಚೀಟಿಯಲ್ಲಿದೆ. ಪ್ರತಿ 8,000ದಿಂದ 10,000 ಕಿ.ಮೀ.ಗೆ ಮುಂದಿನ, ಹಿಂದಿನ ಟೈರುಗಳನ್ನು ಅದಲು ಬದಲು ಮಾಡಿ, ಸರಾಸರಿ ಆಳವನ್ನು ನಾಲ್ಕೂ ಟೈರು ಸೇರಿಸಿ ತೆಗೆಯಿರಿ.

ಹಂತ 6: ತೂಗಿ ಆರಿಸಿ

ಮಾದರಿಗಳನ್ನು ಸಾಲಾಗಿ ಬರೆದು ಎದುರಿಗೆ ಒದ್ದೆ ಬ್ರೇಕಿನ ಸ್ಥಾನ, ಒಳಗಿನ ಸದ್ದಿನ ಬಗ್ಗೆ ವರದಿಯ ಮಾತು, ಅಂದಾಜು ಬಾಳಿಕೆ, ಬೆಲೆ ತುಂಬಿ. ಬೆಲೆಯನ್ನು ಬಾಳಿಕೆಯಿಂದ ಭಾಗಿಸಿ. ಒಂದರ ಬೆಲೆ 100 ಪಾಲು, 40,000 ಕಿ.ಮೀ. ಬರುತ್ತದೆ ಎಂದಾದರೆ ಸಾವಿರ ಕಿಲೋಮೀಟರಿಗೆ 2.5 ಪಾಲು. 125 ಪಾಲು ಬೆಲೆಯದು 55,000 ಬಂದರೆ ಸುಮಾರು 2.3 ಪಾಲು. ದುಬಾರಿಯೇ ಅಗ್ಗವಾಯಿತು.

ಆದರೆ ಈ ಲೆಕ್ಕಕ್ಕೆ ಮೊದಲು ಒಂದು ಜರಡಿ ಇಡಿ: ಒದ್ದೆ ಬ್ರೇಕಿನಲ್ಲಿ ಕೊನೆಯ ಸಾಲಿನಲ್ಲಿರುವ ಮಾದರಿಯನ್ನು ಎಷ್ಟೇ ಬಾಳಲಿ, ಎಷ್ಟೇ ಅಗ್ಗವಾಗಲಿ ಪಟ್ಟಿಯಿಂದ ಹೊರಗಿಡಿ. ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡಿಸುವವರಿಗೆ ದೀರ್ಘ ಬಾಳಿಕೆಯ ಟೈರಿನಿಂದ ಲಾಭವಿಲ್ಲ. ಟ್ರೆಡ್ ಮುಗಿಯುವ ಮೊದಲೇ ರಬ್ಬರ್ ಹಳತಾಗುತ್ತದೆ. ಅವರು ಹಿಡಿತಕ್ಕೂ ಸದ್ದಿಲ್ಲದ ಓಟಕ್ಕೂ ಹಣ ಹಾಕುವುದು ಸರಿ. ಹೆದ್ದಾರಿಯಲ್ಲೇ ಓಡಿಸುವವರು ಬಾಳಿಕೆಗೆ ಹೆಚ್ಚು ತೂಕ ಕೊಡಬಹುದು.

ಹಂತ 7: ಹಾಕಿಸುವಾಗ

ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ. ಪೂರ್ತಿ ಸಾಲು ಒಂದೇ ಪಕ್ಕದಲ್ಲಿರುತ್ತದೆ, ಆದ್ದರಿಂದ ರಿಮ್ಮಿಗೆ ಕೂರಿಸುವ ಮೊದಲೇ ನಾಲ್ಕೂ ಟೈರಿನಲ್ಲಿ ಓದಿ. ಬಾಣದ ಗುರುತಿದ್ದರೆ ಅದು ಮುಂದೆ ಉರುಳುವ ದಿಕ್ಕು. ಹೊರಭಾಗ ಎಂದು ಬರೆದಿರುವ ಪಕ್ಕ ಹೊರಗೇ ಬರಬೇಕು. ಎರಡೇ ಟೈರು ಬದಲಿಸುವುದಾದರೆ ಹೊಸವು ಹಿಂದಿನ ಚಕ್ರಗಳಿಗೆ, ಮುಂದಿನ ಚಕ್ರ ಎಳೆಯುವ ಕಾರಿಗೂ ಇದೇ ನಿಯಮ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹತೋಟಿಗೆ ತರುವುದು ಬಹಳ ಕಷ್ಟ. ಒಂದೇ ಆಕ್ಸಲ್ಲಿಗೆ, ಅಂದರೆ ಎಡ ಬಲ ಚಕ್ರಗಳ ಜೋಡಿಗೆ, ಎರಡು ಬೇರೆ ಮಾದರಿ ಹಾಕಿಸಬೇಡಿ.

ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಒಟ್ಟಿಗೇ ಮಾಡಿಸಿ, ಅಲೈನ್‌ಮೆಂಟಿನ ಅಂಕಿಗಳ ಚೀಟಿ ಕೇಳಿ ಇಟ್ಟುಕೊಳ್ಳಿ. ಮೊದಲ 300ರಿಂದ 500 ಕಿ.ಮೀ. ನಿಧಾನವಾಗಿ ಓಡಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುವುದರಿಂದ ಆರಂಭದಲ್ಲಿ ಹಿಡಿತ ಕಡಿಮೆ, ಆ ಅವಧಿಯಲ್ಲಿ ಹಿಡಿತದ ಬಗ್ಗೆಯೂ ಸದ್ದಿನ ಬಗ್ಗೆಯೂ ತೀರ್ಮಾನ ಬೇಡ. 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿ.